ಕೋಳಿಗಳನ್ನು ಹೊರಗೆ ಬಿಡುವುದೋ, ಬೇಲಿಯೊಳಗೆ ಸಾಕುವುದೋ

ಕೋಳಿ ಸಾಕುವ ಇಬ್ಬರು ಒಂದೆಡೆ ಸೇರಿದರೆ, ಅವುಗಳನ್ನು ಬಯಲಿಗೆ ಬಿಡಬೇಕೋ ಬೇಲಿಯೊಳಗೇ ಇರಿಸಬೇಕೋ ಎಂಬ ವಾದ ಆರಂಭವಾಗದೆ ಇರುವುದಿಲ್ಲ. ಬಿಡುವವರಿಗೆ ತಾವು ದಯಾಳುಗಳೆಂಬ ಹೆಮ್ಮೆ, ಕೂಡಿಹಾಕುವವರಿಗೆ ತಾವು ಜಾಗರೂಕರೆಂಬ ಸಮಾಧಾನ. ನಾನಾದರೋ ಮೊದಲು ಎರಡು ಸಂಗತಿಗಳನ್ನು ವಿಚಾರಿಸುತ್ತೇನೆ: ಹಗಲಿಡೀ ಆ ಕೋಳಿಗೆ ಮಾಡಲು ಕೆಲಸವೇನಿದೆ, ಮತ್ತು ಅದು ಆ ಕೆಲಸದಲ್ಲಿ ಮುಳುಗಿರುವಾಗ ಅದನ್ನು ಕಾಯುವವರು ಯಾರು.

ಕೆಲಸವೆಂದರೆ ಕೆದಕುವುದು. ಕೋಳಿ ನೆಲವನ್ನು ಕಾಲಿನಿಂದ ಎರಡು ಮೂರು ಬಾರಿ ಹಿಂದಕ್ಕೆ ಕೆದರಿ, ಒಂದು ಹೆಜ್ಜೆ ಹಿಂದೆ ಸರಿದು, ತಲೆಯನ್ನು ಓರೆ ಮಾಡಿ ಒಂದೇ ಕಣ್ಣಿನಿಂದ ಮಣ್ಣನ್ನು ದಿಟ್ಟಿಸಿ, ಆಮೇಲೆ ಕುಕ್ಕುತ್ತದೆ. ಅದರ ಮೂಲಪುರುಷನಾದ ಕೆಂಪು ಕಾಡುಕೋಳಿ ಹಗಲಿನ ಬಹುಭಾಗವನ್ನು ಕಳೆಯುವುದು ಹೀಗೆಯೇ. ತೊಟ್ಟಿಯ ತುಂಬ ಆಹಾರವಿದ್ದರೂ ಸಾಕುಕೋಳಿ ಕೆದಕುವುದನ್ನು ಬಿಡುವುದಿಲ್ಲ. ಕೆದಕಲು ಏನೂ ಇಲ್ಲದಿದ್ದರೆ ಅದರ ಕೊಕ್ಕು ಜೊತೆಯ ಕೋಳಿಯ ಗರಿಯ ಕಡೆಗೆ ತಿರುಗುತ್ತದೆ. ಬಾಲದ ಬುಡದಲ್ಲಿ ಚರ್ಮ ಬೋಳಾಗಿ ಒಂದು ಹನಿ ರಕ್ತ ಕಂಡಿತೆಂದರೆ ಉಳಿದವೂ ಅಲ್ಲಿಗೇ ಕುಕ್ಕತೊಡಗುತ್ತವೆ; ಗಾಯಗೊಂಡ ಕೋಳಿಯನ್ನು ತಕ್ಷಣ ಬೇರ್ಪಡಿಸದಿದ್ದರೆ ಅದು ಉಳಿಯುವುದು ಕಷ್ಟ.

ಬಯಲಿಗೆ ಬಿಟ್ಟಾಗ ಈ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆಂಬುದು ನಿಜ. ಹುಳು, ಹುಲ್ಲು, ಬೀಜಗಳು ಸಿಗುತ್ತವೆ. ಎಲೆಗಳಲ್ಲಿರುವ ಬಣ್ಣದ ಅಂಶದಿಂದ ಮೊಟ್ಟೆಯ ಹಳದಿ ಗಾಢವಾಗುತ್ತದೆ. ಹಾಗೆಂದು ಆಹಾರದ ಖರ್ಚು ಇಲ್ಲವಾಗುತ್ತದೆಂಬ ಮಾತನ್ನು ನಾನು ನಂಬುವುದಿಲ್ಲ. ಮೊಟ್ಟೆಯಿಡುವ ಹೇಂಟೆಗೆ ದಿನಕ್ಕೆ 100ರಿಂದ 120 ಗ್ರಾಂ ಆಹಾರ ಬೇಕು, ಅದರಲ್ಲಿ ಶೇಕಡ 16ರಷ್ಟು ಪ್ರೋಟೀನ್ ಮತ್ತು ಸಾಕಷ್ಟು ಸುಣ್ಣದಂಶ ಇರಬೇಕು. ಇವೆಲ್ಲವನ್ನೂ ಹುಲ್ಲುಗಾವಲೊಂದೇ ಒದಗಿಸಲಾರದು. ಇನ್ನು ಎಷ್ಟೇ ವಿಶಾಲವಾದ ಜಾಗ ಕೊಟ್ಟರೂ ಕೋಳಿಗಳು ಗೂಡಿನ ಸುತ್ತಲೇ ಹೆಚ್ಚು ಸುತ್ತಾಡುವುದರಿಂದ ಅಲ್ಲಿನ ನೆಲ ಬರಡಾಗಿ, ಹಿಕ್ಕೆಯೂ ಜಂತುಹುಳುಗಳ ಮೊಟ್ಟೆಗಳೂ ಅಲ್ಲಿಯೇ ಶೇಖರವಾಗುತ್ತವೆ.

ಕಾಯುವವರ ವಿಷಯಕ್ಕೆ ಬಂದರೆ, ಹಿಂಡಿನಲ್ಲಿ ಒಳ್ಳೆಯ ಹುಂಜವಿರುವುದು ದೊಡ್ಡ ಅನುಕೂಲ. ಆಕಾಶದಲ್ಲಿ ಗಿಡುಗ ಕಂಡಾಗ ಅದು ಕೂಗುವ ರೀತಿಯೇ ಬೇರೆ, ನೆಲದಲ್ಲಿ ನಾಯಿಯೋ ಬೆಕ್ಕೋ ಕಂಡಾಗ ಕೂಗುವ ರೀತಿಯೇ ಬೇರೆ. ಮೊದಲನೆಯದಕ್ಕೆ ಹೇಂಟೆಗಳು ಪೊದೆಯೊಳಗೆ ನುಗ್ಗಿ ಅಲುಗಾಡದೆ ಕೂರುತ್ತವೆ. ಆದ್ದರಿಂದ ಮರ, ಪೊದೆಗಳಿಲ್ಲದ ಬಟ್ಟಬಯಲಿಗೆ ಕೋಳಿ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಆದರೂ ನನ್ನ ಭಯವಿರುವುದು ಗಿಡುಗಕ್ಕಿಂತ ನಾಯಿಯ ಬಗ್ಗೆ: ಗಿಡುಗ ಒಂದನ್ನು ಹೊತ್ತೊಯ್ದರೆ, ನಾಯಿ ತಿನ್ನದಿದ್ದರೂ ಸಿಕ್ಕಷ್ಟನ್ನೂ ಕೊಲ್ಲಬಲ್ಲದು.

ಬೇಲಿಯ ಆವರಣಕ್ಕೆ ಕೋಳಿಯೊಂದಕ್ಕೆ ಸುಮಾರು 10 ಚದರ ಅಡಿ, ರಾತ್ರಿಯ ಗೂಡಿನಲ್ಲಿ ಸುಮಾರು 4 ಚದರ ಅಡಿ ಎಂಬುದು ವಾಡಿಕೆಯ ಲೆಕ್ಕ. ಈ ಲೆಕ್ಕವನ್ನಷ್ಟೇ ನೆಚ್ಚಿಕೊಂಡವರು ಕೆಲವೇ ವಾರಗಳಲ್ಲಿ ಕೆಸರನ್ನೂ ಅಮೋನಿಯಾದ ಘಾಟನ್ನೂ ಕಾಣುತ್ತಾರೆ. ಒದ್ದೆಯಾದ ಬೆಚ್ಚನೆಯ ನೆಲದಲ್ಲಿ ಕಾಕ್ಸಿಡಿಯೋಸಿಸ್ ಎಂಬ ಕರುಳುಬೇನೆಯ ರೋಗಾಣುಗಳು ಒಂದೆರಡು ದಿನಗಳಲ್ಲಿಯೇ ಸೋಂಕು ತಗಲಿಸುವಷ್ಟು ಬಲಿಯುತ್ತವೆ. ಮರಿಗಳು ಜೋಲುಬಿದ್ದು, ಹಿಕ್ಕೆಯಲ್ಲಿ ರಕ್ತ ಕಾಣಿಸುತ್ತದೆ. ಆದ್ದರಿಂದ ಆವರಣದಲ್ಲಿ ನೀರು ನಿಲ್ಲದಂತೆ ನೋಡಿಕೊಂಡು, ಒಣ ತರಗೆಲೆಯನ್ನು ದಪ್ಪವಾಗಿ ಹರಡಿ, ಆಗಾಗ ಅದರೊಳಗೆ ಒಂದು ಹಿಡಿ ಕಾಳು ಎರಚಬೇಕು. ಎಲೆಯ ರಾಶಿಯೊಂದನ್ನು ಗುಡ್ಡೆಹಾಕಿದರೆ ಸಂಜೆಯ ವೇಳೆಗೆ ಅದು ಪೂರ್ತಿ ಸಮತಟ್ಟಾಗಿರುತ್ತದೆ. ಹೇನು ಬಾರದಂತೆ ಮಣ್ಣಿನಲ್ಲಿ ಹೊರಳಾಡಲು ಒಂದು ಒಣ ಮೂಲೆಯೂ, ಬಲಹೀನ ಕೋಳಿ ಉಳಿದವುಗಳಿಂದ ತಪ್ಪಿಸಿಕೊಂಡು ಹಾರಿ ಕೂರಲು ಒಂದೆರಡು ಅಡ್ಡಗೋಲುಗಳೂ ಇರಲಿ.

ಜಾಲರಿಯ ಬಗ್ಗೆ ಜಿಪುಣತನ ಬೇಡ. ಆರು ಮೂಲೆಯ ಕಣ್ಣುಗಳಿರುವ ತೆಳು ತಂತಿಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ. ಕೆಳಭಾಗಕ್ಕೆ ಅರ್ಧ ಇಂಚಿನ ಬೆಸುಗೆ ಹಾಕಿದ ಜಾಲರಿಯೇ ಬೇಕು. ಅದನ್ನು ಬುಡದಲ್ಲಿ ಹೊರಮುಖವಾಗಿ ಒಂದೂವರೆ ಅಡಿ ಮಡಚಿ ನೆಲಕ್ಕೆ ಹಾಸಿದರೆ, ಬೇಲಿಯ ಬುಡದಲ್ಲೇ ಅಗೆಯತೊಡಗುವ ಪ್ರಾಣಿಗೆ ಆ ಜಾಲರಿಯೇ ಅಡ್ಡವಾಗುತ್ತದೆ.

ನಾನು ಅನುಸರಿಸುವುದು ನಡುವಿನ ದಾರಿ. ಹೇಂಟೆಗಳು ಹೆಚ್ಚಾಗಿ ಮಧ್ಯಾಹ್ನದೊಳಗೆ ಮೊಟ್ಟೆಯಿಡುವುದರಿಂದ ಅಲ್ಲಿಯವರೆಗೆ ಆವರಣದೊಳಗಿದ್ದರೆ ಪೊದೆಗಳಲ್ಲಿ ಮೊಟ್ಟೆ ಹುಡುಕುವ ಕಾಟವಿಲ್ಲ. ಇಳಿಹೊತ್ತಿನಲ್ಲಿ, ನಾನು ಹೊರಗೆ ಕೆಲಸ ಮಾಡುವಾಗ ಮಾತ್ರ ಬಾಗಿಲು ತೆರೆಯುತ್ತೇನೆ. ಮಬ್ಬುಗತ್ತಲಲ್ಲಿ ಅವುಗಳಿಗೆ ಕಣ್ಣು ಸರಿಯಾಗಿ ಕಾಣದ ಕಾರಣ ಕರೆಯದೆಯೇ ಗೂಡು ಸೇರುತ್ತವೆ; ಎಣಿಸಿ ಅಗಣಿ ಹಾಕುವುದಷ್ಟೇ ನನ್ನ ಕೆಲಸ. ತರಕಾರಿ ಮಡಿಗಳಿಗಂತೂ ಪ್ರತ್ಯೇಕ ಬೇಲಿ ಹಾಕಲೇಬೇಕು, ಹೊಸದಾಗಿ ನೆಟ್ಟ ಸಸಿಗೂ ಕಳೆಗೂ ಕೋಳಿ ಭೇದವೆಣಿಸುವುದಿಲ್ಲ. ಹಕ್ಕಿಜ್ವರದ ಎಚ್ಚರಿಕೆ ಬಂದ ದಿನಗಳಲ್ಲಿ ಈ ಸಂಜೆಯ ತಿರುಗಾಟವೂ ನಿಲ್ಲುತ್ತದೆ. ಕಾಡುಹಕ್ಕಿಗಳ ಹಿಕ್ಕೆ ಬಲೆಯ ಮೂಲಕ ಒಳಗೆ ಬೀಳುವುದರಿಂದ, ಆಹಾರ ಮತ್ತು ನೀರಿನ ಪಾತ್ರೆಗಳಿರುವ ಭಾಗಕ್ಕಾದರೂ ಗಟ್ಟಿ ಮಾಡು ಹೊದಿಸಿರಬೇಕು.