ಸಿಟಿಸಿಎಸ್ಎಸ್ ಚಿಪ್ ಜೊತೆ ಮೂರು ರಾತ್ರಿ

ಹಳೇ ವಾಕಿಟಾಕಿ ಸೆಟ್‌ಗೆ ಸಿಟಿಸಿಎಸ್ಎಸ್ (CTCSS, ಗುರುತಿನ ಟೋನ್ ಇದ್ರೆ ಮಾತ್ರ ಮಾತು ಕೇಳಿಸೋ ವ್ಯವಸ್ಥೆ) ಟೋನ್ ಚಿಪ್ ಹಾಕೋಕೆ ಕೂತು ಮೂರು ರಾತ್ರಿ ಆಯ್ತು, ಇವತ್ತು ಕೊನೆಗೂ ಸ್ಕ್ವೆಲ್ಚ್ (ಬೇಕಾದ ಸಿಗ್ನಲ್ ಬರೋವರೆಗೆ ಸ್ಪೀಕರ್ ಮುಚ್ಚಿಡೋ ಸರ್ಕ್ಯೂಟ್) ಸರಿಯಾಗಿ ತೆರ್ಕೊಳ್ತು, ಎಷ್ಟು ಖುಷಿ ಆಯ್ತು ಅಂದ್ರೆ ಹೇಳೋಕಾಗಲ್ಲ.

ವಿಷಯ ಇಷ್ಟೇ, ಮಾತಿನ ಕೆಳಗೆ 67.0 ರಿಂದ 250 ಹರ್ಟ್ಝ್ ಆಸುಪಾಸಿನ ಒಂದು ಸಣ್ಣ ಟೋನ್ ಸದಾ ಹೋಗ್ತಿರುತ್ತೆ, ಅದು ಮ್ಯಾಚ್ ಆದ್ರೆ ಮಾತ್ರ ಎದುರಿನ ರೇಡಿಯೋ ಸ್ಪೀಕರ್ ಆನ್ ಮಾಡುತ್ತೆ. ಸ್ಪೀಕರ್‌ಗೆ ಹೋಗೋ ಆಡಿಯೋನ 300 ಹರ್ಟ್ಝ್ ಕೆಳಗೆ ಫಿಲ್ಟರ್ ಕತ್ತರಿಸೋದ್ರಿಂದ ಟೋನ್ ನಮ್ಮ ಕಿವಿಗೆ ಬೀಳಲ್ಲ.

ನಾನು ಎಡವಿದ್ದು ಆ ಫಿಲ್ಟರ್ ವಿಷಯದಲ್ಲೇ. ಚಿಪ್‌ನಲ್ಲಿ ಟೋನ್ ಗುರುತಿಸೋ ಭಾಗವೇ ಡಿಕೋಡರ್. ಡಿಕೋಡರ್‌ಗೆ ಸಿಗ್ನಲ್‌ನ ವಾಲ್ಯೂಮ್ ಕಂಟ್ರೋಲ್ ಹತ್ರ ತಗೊಂಡಿದ್ದೆ, ಅಷ್ಟೊತ್ತಿಗೆ ಫಿಲ್ಟರ್ ಟೋನನ್ನೇ ನುಂಗಿಬಿಟ್ಟಿರುತ್ತೆ! ನೇರ ಡಿಸ್ಕ್ರಿಮಿನೇಟರ್ (ರೇಡಿಯೋ ಸಿಗ್ನಲ್‌ನಿಂದ ಆಡಿಯೋ ಹೊರತೆಗೆಯೋ ಭಾಗ) ಔಟ್‌ಪುಟ್‌ನಿಂದ ತಗೋಬೇಕು. ಕಳಿಸೋವಾಗ್ಲೂ ಹಾಗೇ, ಮೈಕ್ ಇನ್‌ಪುಟ್‌ಗೆ ಕೊಡದೆ ಫಿಲ್ಟರ್ ದಾಟಿದ ಮೇಲೆ ಮಾಡ್ಯುಲೇಟರ್ (ಆಡಿಯೋನ ರೇಡಿಯೋ ಅಲೆಗೆ ಸೇರಿಸೋ ಭಾಗ) ಹತ್ರ ಸೇರಿಸಿ. ಲೆವೆಲ್ ಜಾಸ್ತಿ ಮಾಡ್ಬೇಡಿ, 5 ಕಿಲೋಹರ್ಟ್ಝ್ ಡೀವಿಯೇಷನ್ (ಆಡಿಯೋಗೆ ತಕ್ಕಂತೆ ರೇಡಿಯೋ ಅಲೆಯ ಫ್ರೀಕ್ವೆನ್ಸಿ ಆಚೀಚೆ ಸರಿಯೋ ಪ್ರಮಾಣ) ಇರೋ ಸೆಟ್‌ಗೆ ಟೋನ್ ಪಾಲಿನ ಡೀವಿಯೇಷನ್ 500ರಿಂದ 750 ಹರ್ಟ್ಝ್ ಸಾಕು, ಮೀರಿದ್ರೆ ಮಾತಿನ ಹಿಂದೆ ಗುಂಯ್ ಅನ್ನುತ್ತೆ.

ಇನ್ನೊಂದು, ಚಿಪ್ ತನ್ನ ಟೋನ್‌ಗಳನ್ನೆಲ್ಲ ಕ್ರಿಸ್ಟಲ್ ಗಡಿಯಾರದಿಂದ ಭಾಗಿಸಿ ಮಾಡ್ಕೊಳ್ಳುತ್ತೆ, ಡೇಟಾಶೀಟ್ ಹೇಳಿದ್ದು ಬಿಟ್ಟು ಬೇರೆ ಕ್ರಿಸ್ಟಲ್ ಹಾಕಿದ್ರೆ ಎಲ್ಲಾ ಟೋನೂ ಅದೇ ಪ್ರಮಾಣದಲ್ಲಿ ಜರುಗುತ್ತೆ. 100.0 ಮತ್ತು 103.5 ಮಧ್ಯೆ ಇರೋದೇ 3.5 ಹರ್ಟ್ಝ್, ಹಾಗಾಗಿ ಚಿಪ್‌ಗೆ ಕೊಟ್ಟ ಟೋನ್ ಕೋಡ್ ಸರಿ ಇದ್ರೂ ಪಕ್ಕದ ಟೋನ್ ಬಂದುಬಿಡಬಹುದು. ಫ್ರೀಕ್ವೆನ್ಸಿ ಕೌಂಟರ್ ಇಟ್ಟು ಅಳೆದೇ ಮುಂದೆ ಹೋಗಿ.

ಕರೆಂಟ್ 50 ಹರ್ಟ್ಝ್ ಇರೋ ಕಡೆ ನಾನಂತೂ 100.0 ಆರಿಸಲ್ಲ, ಎಸಿನ ಡಿಸಿ ಮಾಡಿದಾಗ ಉಳಿಯೋ ಪವರ್ ಸಪ್ಲೈ ಹಮ್ (ಗುಂಯ್ ಸದ್ದು) 50ರ ಎರಡರಷ್ಟು, ಸರಿಯಾಗಿ ಅಲ್ಲೇ ಕೂತಿರುತ್ತೆ. ತೀರಾ ಕೆಳಗಿನ 67.0 ಕೂಡ ಬೇಡ ಅನ್ಸುತ್ತೆ, ಒಂದೊಂದು ಸೈಕಲ್‌ಗೇ ಸುಮಾರು 15 ಮಿಲಿಸೆಕೆಂಡ್ ಬೇಕು, ಗುರುತಿಸೋಕೆ ತಡ ಆಗಿ ಮೊದಲ ಪದ ಕಟ್ ಆಗುತ್ತೆ. ಸದ್ಯಕ್ಕೆ 123.0 ಇಟ್ಟಿದೀನಿ, ಚೆನ್ನಾಗಿ ನಡೀತಿದೆ.