ಹೆಸರಿಡದ ಕೂಸನ್ನೂ ಎಣಿಸಿದ ಮಾಸ್ತರು

ಹೋದ ತಿಂಗಳು ನಮ್ಮ ಭೂಗೋಳದ ಮಾಸ್ತರು ತೀರಿಕೊಂಡರು. ಸುದ್ದಿ ತಿಳಿದ ಕೂಡಲೇ ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದೆ. ಆದರೂ ಮಣ್ಣಿಗೆ ಸಿಗಲಿಲ್ಲ.

ಪುಸ್ತಕದ ಪಾಠ ಒಂದೂ ನೆನಪಿಲ್ಲ. ಅವರು ತೋರಿಸಿದ ಧಾರವಾಡ ಮಾತ್ರ ಕಣ್ಣ ಮುಂದೆಯೇ ಇದೆ. ಒಂದು ಮಳೆಗಾಲ ಇಡೀ ತರಗತಿಯನ್ನು ಸೋಮೇಶ್ವರ ಗುಡಿಗೆ ನಡೆಸಿಕೊಂಡು ಹೋದರು. ಶಾಲ್ಮಲಾ ಹುಟ್ಟುವ ಜಾಗ ಅದು. "ಈ ನೀರು ಎಲ್ಲಿಗೆ ಹೊಂಟೈತಿ ಹೇಳ್ರಿ?" ಅಂದರು. ಯಾರಿಗೂ ಗೊತ್ತಿಲ್ಲ. "ಬೇಡ್ತಿ ಸೇರಿ, ಮಾಗೋಡದಾಗ ಧುಮುಕಿ, ಗಂಗಾವಳಿ ಅನ್ನಿಸಿಕೊಂಡು ಅರಬ್ಬಿ ಸಮುದ್ರಕ್ಕ. ಊರಿನ ಆ ಮಗ್ಗಲಕ್ಕ ಬಿದ್ದ ಮಳಿ ಮಲಪ್ರಭಾ, ಕೃಷ್ಣಾ ಹಿಡಿದು ಬಂಗಾಳ ಕೊಲ್ಲಿಗೆ." ಒಂದೇ ಊರಿನ ಮಳೆ ಎರಡು ಸಮುದ್ರಕ್ಕೆ! ಅವತ್ತು ಮನೆ ಮುಟ್ಟುವವರೆಗೂ ಗಟಾರದ ನೀರು ಯಾವ ಕಡೆ ಹರಿಯುತ್ತದೆ ಅಂತ ನೋಡುತ್ತಲೇ ಹೋದೆ. ಮುಂದೆ ನೀರಾವರಿ ಇಂಜಿನಿಯರ್ ಆದೆ. ನಾನು ಗುರುತು ಹಾಕಿದ ಕಾಲುವೆಗಳಲ್ಲಿ ನೀರು ಕೊನೇ ಹೊಲದವರೆಗೂ ಹೋಯಿತು. ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಇತಿಹಾಸವನ್ನೂ ಅವರು ಹೀಗೇ ಕಲಿಸಿದರು. ಧಾರವಾಡ ಪೇಡೆ ಅಂತೀವಲ್ಲ, ಅದನ್ನು ಇಲ್ಲಿ ಶುರು ಮಾಡಿದ ಮನೆತನ ಪ್ಲೇಗಿಗೆ ಹೆದರಿ ಉತ್ತರದ ಉನ್ನಾವ್‌ನಿಂದ ಬಂದದ್ದು ಅಂತ ಹೇಳಿದ್ದು ಅವರೇ. ಊರು ಅಂದರೆ ಬಂದು ಸೇರಿದವರು ಅನ್ನೋದು ಅವರ ಮಾತು.

1981ರ ಜನಗಣತಿಗೆ ನಮ್ಮ ಮಾಸ್ತರೂ ಎಣಿಕೆದಾರರು. ನಾನಾಗ ಒಂಬತ್ತನೇ ತರಗತಿ. ಫೆಬ್ರುವರಿ 28ರ ರಾತ್ರಿ ಮನೆ ಇಲ್ಲದವರನ್ನು ಎಣಿಸುವ ಕೆಲಸ. ಅಂದು ಶನಿವಾರ. ನಾನೂ ನನ್ನ ಗೆಳೆಯನೂ ಮನೆಯಲ್ಲಿ ಸುಳ್ಳು ಹೇಳಿ, ಕಂಬಳಿ ಹಿಡಿದು, ಮಾಳಮಡ್ಡಿ ದಾಟಿ ರೈಲ್ವೆ ಸ್ಟೇಷನ್ನಿಗೆ ಹೋದೆವು. ಮಲಗಿದವರ ಸಾಲಿನಲ್ಲಿ ಮುಸುಕು ಹಾಕಿ ಮಲಗಿಬಿಟ್ಟೆವು. ಮಾಸ್ತರು ಬಂದರು. "ತಮ್ಮಾ, ಹೆಸರು? ಯಾವ ಊರು?" ಮುಸುಕಿನೊಳಗಿಂದಲೇ ದನಿ ದಪ್ಪ ಮಾಡಿ ಒಂದು ಸುಳ್ಳು ಹೆಸರು ಹೇಳಿದೆ, ನವಲಗುಂದ ಅಂದೆ. ಬರೆದುಕೊಂಡರು. ಆಮೇಲೆ ಅವರ ಬ್ಯಾಟರಿ ಬೆಳಕು ನನ್ನ ಚಪ್ಪಲಿ ಮೇಲೆ ನಿಂತಿತು. ಉಂಗುಷ್ಠ ಕಿತ್ತು, ಕೆಂಪು ದಾರ ಕಟ್ಟಿದ್ದ ಚಪ್ಪಲಿ. ದಿನಾ ತರಗತಿ ಬಾಗಿಲಲ್ಲಿ ಅವರು ನೋಡುತ್ತಿದ್ದದ್ದೇ.

ಕಂಬಳಿ ಎಳೆದರು. ಹೊಡೆಯಲಿಲ್ಲ. ಬರೆದದ್ದರ ಮೇಲೆ ಅಡ್ಡ ಗೆರೆ ಎಳೆದು, "ನಿನ್ನ ಮನ್ಯಾಗ ನಿನ್ನ ಹೆಸರು ಬರದಾಗೈತಿ. ಇಲ್ಲೂ ಬರದರ ಊರೇ ಸುಳ್ಳಾಗತೈತಿ" ಅಂದರು. ಬ್ಯಾಟರಿ ನನ್ನ ಕೈಗೆ ಕೊಟ್ಟರು. ರಾತ್ರಿಯೆಲ್ಲ ಅವರ ಹಿಂದೆ ಬೆಳಕು ಹಿಡಿದು ತಿರುಗಿದೆವು. ಕಂಬದ ಪಕ್ಕ ಒಬ್ಬ ಹೆಂಗಸು ಕೂಸನ್ನು ಸೀರೆಯ ಸೆರಗಿನಲ್ಲಿ ಸುತ್ತಿ ಮಲಗಿಸಿಕೊಂಡಿದ್ದಳು. ಹೆಸರು ಕೇಳಿದರೆ, "ಇನ್ನೂ ಇಟ್ಟಿಲ್ರೀ" ಅಂದಳು. ಮಾಸ್ತರು ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ಚೀಟಿಯನ್ನು ತೊಡೆ ಮೇಲಿಟ್ಟು ನಿಧಾನ ಬರೆದರು: ಹೆಣ್ಣು, ವಯಸ್ಸು 0.

ಈಗಿನ ಮಕ್ಕಳು ಮೊಬೈಲಿನಲ್ಲಿ ಯಾವ ಊರು ಬೇಕಾದರೂ ತೆರೆಯುತ್ತಾರೆ. ನನ್ನ ಮೊಮ್ಮಗನಿಗೆ ದೇಶಗಳ ರಾಜಧಾನಿ ಬಾಯಿಪಾಠ. ನಮ್ಮ ಓಣಿಯ ನೀರು ಎಲ್ಲಿಗೆ ಹೋಗುತ್ತದೆ ಅಂದರೆ ಗೊತ್ತಿಲ್ಲ. ಮಕ್ಕಳದು ತಪ್ಪಲ್ಲ, ಅವರನ್ನು ಯಾರೂ ಹೊರಗೆ ಕರೆದುಕೊಂಡು ಹೋಗುವುದಿಲ್ಲ, ಅಲ್ವಾ? 2021ರ ಗಣತಿಯೂ ಮುಂದಕ್ಕೆ ಹೋಯಿತು. ಹುಬ್ಬಳ್ಳಿ-ಧಾರವಾಡಕ್ಕೆ 2011ರ 9 ಲಕ್ಷ 43 ಸಾವಿರವನ್ನೇ ಹೇಳಿಕೊಂಡು ವರ್ಷಗಳು ಕಳೆದವು. ಮಾಸ್ತರಿಗೆ ಅದು ಬಹಳ ಬೇಜಾರು.

1981ರ ಅಂಕಿ ಪ್ರಕಟವಾದಾಗ ಅವರು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದರು: ಹುಬ್ಬಳ್ಳಿ-ಧಾರವಾಡ, 5 ಲಕ್ಷ 27 ಸಾವಿರ. ಆಮೇಲೆ ನನ್ನ ಕಡೆ ತಿರುಗಿ, "ಇದರಾಗ ಆ ಕೂಸೂ ಐತಿ" ಅಂದರು. ಅವಳಿಗೆ ಈಗ ನಲವತ್ತು ದಾಟಿರಬೇಕು. ಏನು ಹೆಸರಿಟ್ಟರೋ.