ಕೊಳ್ಳಲು ಸಿಗದ ಮೀನಿಗಾಗಿ ಟೌಪೋಗೆ

ಆಕ್ಲೆಂಡಿನಲ್ಲಿ ನೆಲೆಸಿರುವ ತಮ್ಮ ಜನವರಿಯಲ್ಲಿ ನಮ್ಮನ್ನು ಕರೆಸಿಕೊಳ್ಳುವುದಾಗಿ ಹೇಳಿದಾಗ, ನನ್ನ ಯಜಮಾನರು ಕೇಳಿದ ಮೊದಲ ಪ್ರಶ್ನೆ ಅಲ್ಲಿ ಗಾಳ ಹಾಕಬಹುದೇ ಎಂಬುದಾಗಿತ್ತು. ಗಾಳವೆಂದರೆ ಊಟ ಮರೆಯುವ ಅವರು, ಎಂಟು ವರ್ಷದ ಮಗ, ದೋಣಿ ಅಲುಗಿದರೆ ಹೊಟ್ಟೆ ತೊಳಸುವ ನಾನು, ಮೀನು ಮುಟ್ಟದ ಅಮ್ಮ, ಜೊತೆಗೆ ತಮ್ಮ: ಹೀಗೆ ಐದು ಜನ. ಇಂಥ ತಂಡಕ್ಕೆ ಜಾಗ ಗೊತ್ತುಮಾಡುವಾಗ ಮೀನು ಎಲ್ಲಿ ಹೆಚ್ಚು ಸಿಗುತ್ತದೆ ಎಂದು ಹುಡುಕುವುದಕ್ಕಿಂತ, ಮೀನು ಸಿಗದಿದ್ದರೂ ಯಾರ ಮುಖವೂ ಬಾಡದಂಥ ಜಾಗ ಯಾವುದೆಂದು ಹುಡುಕುವುದೇ ಸರಿಯೆಂದು ನನಗೆ ತೋರಿತು.

ತಮ್ಮನ ಮನಸ್ಸಿದ್ದದ್ದು ಹೌರಾಕಿ ಕೊಲ್ಲಿಯ ಮೇಲೆ. ನ್ಯೂಜಿಲೆಂಡಿನಲ್ಲಿ ಮನೆಯ ಬಳಕೆಗಾಗಿ ಸಮುದ್ರದಲ್ಲಿ ಮೀನು ಹಿಡಿಯುವವರಿಗೆ ಪರವಾನಗಿ ಬೇಕಿಲ್ಲ. ಅಳತೆ ಮತ್ತು ಸಂಖ್ಯೆಯ ಮಿತಿಯನ್ನು ಪಾಲಿಸಿದರೆ ಸಾಕು. ಆಕ್ಲೆಂಡಿನ ಕಡಲಲ್ಲಿ ಸ್ನ್ಯಾಪರ್ ಮೀನು 30 ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದರೆ ನೀರಿಗೆ ಬಿಡಬೇಕು, ಒಬ್ಬರು ದಿನಕ್ಕೆ ಏಳಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಗ್ಗವೂ ಸುಲಭವೂ ಆದ ದಾರಿಯೇನೋ ಹೌದು. ಆದರೆ ತೆರೆಯ ಮೇಲೆ ಅರ್ಧ ದಿನ ಏಳುತ್ತ ಬೀಳುತ್ತ ಕೂರುವುದನ್ನು ನೆನೆದೇ ನನಗೆ ಬಾಯಲ್ಲಿ ನೀರೂರಿತು, ರುಚಿಗಲ್ಲ. ಹಾಗಾಗಿ ಸಿಹಿನೀರಿನ ಕಡೆ ತಿರುಗಿದೆವು. ಮೊದಲು ರೊಟೊರುವಾ ಎಂದುಕೊಂಡು, ಕಡೆಗೆ ಆಕ್ಲೆಂಡಿನಿಂದ ದಕ್ಷಿಣಕ್ಕೆ ಕಾರಿನಲ್ಲಿ ಸುಮಾರು ಮೂರೂವರೆ ಗಂಟೆ ದೂರದ ಟೌಪೋ ಸರೋವರವನ್ನು ಆರಿಸಿದೆವು. ಅಲ್ಲಿ ಅಮ್ಮನಿಗೆ ಬಿಸಿನೀರಿನ ಬುಗ್ಗೆಗಳಿದ್ದವು, ನನಗೆ ಹುಕಾ ಜಲಪಾತವಿತ್ತು, ಯಜಮಾನರಿಗೆ ಟ್ರೌಟ್ ಇತ್ತು.

ಈ ಟ್ರೌಟ್ ಆ ದೇಶದ ಮೂಲದ್ದಲ್ಲ. ಕಂದು ಟ್ರೌಟ್ 1867ರಲ್ಲಿ ಟಾಸ್ಮೇನಿಯಾದಿಂದ ಮೊಟ್ಟೆಯ ರೂಪದಲ್ಲಿ ಬಂತು. ಕಾಮನಬಿಲ್ಲಿನ ಹೆಸರು ಹೊತ್ತ ರೇನ್‌ಬೋ ಟ್ರೌಟ್ 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದಿಂದ ಬಂತು. ಹೀಗೆ ವಲಸೆ ಬಂದ ಮೀನನ್ನು ಅಲ್ಲಿನವರು ಎಷ್ಟು ಜೋಪಾನ ಮಾಡುತ್ತಾರೆಂದರೆ, ಅದನ್ನು ಮಾರುವುದೂ ಕೊಳ್ಳುವುದೂ ಕಾನೂನುಬಾಹಿರ. ಹೋಟೆಲಿನ ತಿನಿಸುಪಟ್ಟಿಯಲ್ಲಿ ಅದು ಇರುವಂತಿಲ್ಲ. ನೀವೇ ಹಿಡಿದು ತಂದರೆ ಬೇಯಿಸಿಕೊಡುವ ಹೋಟೆಲುಗಳು ಮಾತ್ರ ಇವೆ. ಮಾರಲು ಅವಕಾಶವಾದರೆ ಕಳ್ಳಬೇಟೆಗೆ ಬಾಗಿಲು ತೆರೆದಂತಾಗುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ಇದನ್ನು ಕೇಳಿದ ಅಮ್ಮ, "ದುಡ್ಡು ಕೊಟ್ಟರೂ ಸಿಗದ ಮೀನಿಗೆ ಇಷ್ಟೊಂದು ದುಡ್ಡು ಸುರಿಯುತ್ತೀರಲ್ಲೇ" ಎಂದರು. ದೋಣಿಯ ಬಾಡಿಗೆ, ಪರವಾನಗಿ, ಎರಡು ರಾತ್ರಿಯ ಮನೆ ಎಲ್ಲವನ್ನೂ ಕೂಡಿಸಿ ನೋಡಿದರೆ ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ.

ಪರವಾನಗಿಯ ವಿಷಯದಲ್ಲಿ ಎಡವಿದವಳು ನಾನೇ. ರೊಟೊರುವಾ ಎಂದುಕೊಂಡಿದ್ದ ದಿನಗಳಲ್ಲಿ ದೇಶದ ಉಳಿದೆಡೆ ನಡೆಯುವ ಸಾಮಾನ್ಯ ಪರವಾನಗಿಯನ್ನು ಮುಂಗಡವಾಗಿ ಕೊಂಡುಬಿಟ್ಟಿದ್ದೆ. ಟೌಪೋಗೆ ಅದು ಸಲ್ಲುವುದಿಲ್ಲವೆಂದು ಗೊತ್ತಾದದ್ದು ಹೊರಡುವ ಹಿಂದಿನ ರಾತ್ರಿ. ಟೌಪೋ ಮೀನುಗಾರಿಕೆಗೆ ಅದರದೇ ಪರವಾನಗಿ ಇದೆ, ಅದನ್ನು ಕೊಡುವುದು ಸಂರಕ್ಷಣಾ ಇಲಾಖೆ. ಈ ಪ್ರತ್ಯೇಕತೆಗೆ ಹಳೆಯ ಕಾರಣವೊಂದಿದೆ: ಸರೋವರದ ಒಡೆತನವಿದ್ದ ನ್ಗಾಟಿ ಟೂಫಾರೆಟೋವಾ ಎಂಬ ಮಾವೋರಿ ಬುಡಕಟ್ಟಿಗೂ ಸರ್ಕಾರಕ್ಕೂ 1926ರಲ್ಲಿ ಒಪ್ಪಂದವಾಗಿ, ಪರವಾನಗಿಯ ಆದಾಯದಲ್ಲಿ ಬುಡಕಟ್ಟಿಗೊಂದು ಪಾಲು ನಿಗದಿಯಾಯಿತು, 1992ರಲ್ಲಿ ಸರೋವರದ ತಳದ ಒಡೆತನವೂ ಅವರಿಗೆ ಮರಳಿತು. ಇದನ್ನು ಓದಿದ ಮೇಲೆ, ಎರಡನೆಯ ಸಲ ತೆತ್ತ ಹಣ ಅಷ್ಟಾಗಿ ನೋಯಲಿಲ್ಲ. ಮಗನಿಗೂ ಮಕ್ಕಳ ಪರವಾನಗಿ ತೆಗೆದೆವು. ತನ್ನ ಹೆಸರು ಅಚ್ಚಾದ ಆ ಹಾಳೆಯನ್ನು ಅವನು ಮಡಚಲು ಬಿಡಲಿಲ್ಲ.

ಸಲಕರಣೆಯ ಬಗ್ಗೆ ತಮ್ಮ ಮೊದಲೇ ಕಟ್ಟುನಿಟ್ಟಾಗಿ ಹೇಳಿದ್ದ: "ಅಕ್ಕಾ, ಭಾವನ ಕೋಲು, ರೀಲು ಏನೂ ಬೇಡ, ಇಲ್ಲೇ ಕೊಡುತ್ತಾರೆ. ಬೂಟು ತರುವುದಾದರೆ ಉಜ್ಜಿ ತೊಳೆದು, ಒಣಗಿಸಿ ತನ್ನಿ." ನೀರಿಗಿಳಿಯಲೆಂದು ಯಜಮಾನರು ಗೆಳೆಯರೊಬ್ಬರಿಂದ ಕಡ ತಂದಿದ್ದ ಬೂಟಿನ ಅಡಿ ಫೆಲ್ಟಿನದು, ಅಂದರೆ ನೀರು ಹೀರುವ ದಪ್ಪ ಒತ್ತುಬಟ್ಟೆಯದು. ಅದನ್ನು ಕೇಳಿದ ಕೂಡಲೇ ತಮ್ಮ ಬೇಡವೇ ಬೇಡವೆಂದ. ಡಿಡಿಮೊ ಎಂಬ ಪಾಚಿ 2004ರಲ್ಲಿ ದಕ್ಷಿಣ ದ್ವೀಪದ ನದಿಯೊಂದರಲ್ಲಿ ಪತ್ತೆಯಾದ ಮೇಲೆ, ಒದ್ದೆ ಫೆಲ್ಟಿನಲ್ಲಿ ಅದು ಬದುಕುಳಿದು ಮತ್ತೊಂದು ನದಿಗೆ ಹಬ್ಬುತ್ತದೆಂದು, ಮೀನುಗಾರರು ಇಂಥ ಬೂಟು ತೊಡುವುದನ್ನು 2008ರಿಂದ ದೇಶದಾದ್ಯಂತ ನಿಷೇಧಿಸಿದ್ದಾರೆ. ರಬ್ಬರ್ ಅಡಿಯ ಜೋಡಿಯೊಂದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತಂದು, ಆಗಮನ ಪತ್ರದಲ್ಲಿ ಘೋಷಿಸಿದೆವು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ವಿಮಾನ ನಿಲ್ದಾಣದ ಅಧಿಕಾರಿಣಿ ಬೂಟನ್ನು ಬುಡಮೇಲು ಮಾಡಿ, ಹಿಮ್ಮಡಿಯ ಗೀರಿನಲ್ಲಿ ಉಳಿದಿದ್ದ ಸಾಸಿವೆಯಷ್ಟು ಮಣ್ಣನ್ನು ಕೆರೆದು ತೆಗೆದು, ನಕ್ಕು ಹಿಂದಿರುಗಿಸಿದರು. ಆ ಒಂದು ಗೀರಿಗಾಗಿ ಯಜಮಾನರು ಇಡೀ ದಿನ ನೊಂದುಕೊಂಡರು.

ಟೌಪೋದಲ್ಲಿ ಎರಡು ದಿನ ಇಟ್ಟುಕೊಂಡದ್ದೇ ನಮ್ಮ ಯೋಜನೆಯಲ್ಲಿ ಬುದ್ಧಿವಂತಿಕೆಯ ಭಾಗ. ಸುಮಾರು 616 ಚದರ ಕಿಲೋಮೀಟರಿನ ಆ ನೀರಿಗೆ ಗಾಳಿ ಬಿದ್ದರೆ ಕಡಲಿನಂತೆಯೇ ತೆರೆ ಏಳುತ್ತದೆ. ಮೊದಲ ದಿನ ದೋಣಿ ಹೊರಡಲಿಲ್ಲ. ಅಂದು ಸರೋವರದ ದಕ್ಷಿಣ ತುದಿಯ ಟುರಂಗಿ ಊರಿನ ಹತ್ತಿರವಿರುವ ಟ್ರೌಟ್ ಕೇಂದ್ರಕ್ಕೆ ಹೋದೆವು. ಅಲ್ಲಿ ನೀರಿನ ಮಟ್ಟಕ್ಕಿಂತ ಕೆಳಗಿರುವ ಕೋಣೆಯೊಂದರ ಗಾಜಿನಾಚೆ, ಹೊಳೆಯ ಹರಿವಿಗೆ ಎದುರಾಗಿ ಬಾಲ ಮಾತ್ರ ಆಡಿಸುತ್ತ ಮೀನುಗಳು ನಿಂತಿದ್ದವು. ಅಮ್ಮ ಬಹಳ ಹೊತ್ತು ಆ ಗಾಜಿನ ಮುಂದಿದ್ದರು. ಮೀನು ಹಿಡಿಯುವುದಕ್ಕಿಂತ ಇದೇ ವಾಸಿ ಎಂಬುದು ಅವರ ತೀರ್ಮಾನ. ಪಕ್ಕದ ಟೊಂಗರಿರೊ ನದಿಯಲ್ಲಿ ಸೊಂಟದ ನೀರಿಗಿಳಿದು ನಿಂತವರನ್ನು ಯಜಮಾನರು ಆಸೆಗಣ್ಣಿನಿಂದ ನೋಡಿದರು. ಆದರೆ ಅಲ್ಲಿ ಕೃತಕ ನೊಣದ ಗಾಳಕ್ಕೆ ಮಾತ್ರ ಅನುಮತಿ, ಅದು ಒಂದೆರಡು ದಿನದಲ್ಲಿ ಕೈಗೆ ಹತ್ತುವ ವಿದ್ಯೆಯಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ, ಗಾಳಿ ಸತ್ತ ಮೇಲೆ, ಹೊರಟೆವು. ಬಿಸಿಲೇರಿದಂತೆ ಟ್ರೌಟ್ ತಂಪು ಹುಡುಕಿಕೊಂಡು ಆಳಕ್ಕೆ ಇಳಿಯುವುದರಿಂದ ಬೇಸಿಗೆಯಲ್ಲಿ ಮುಂಜಾವವೇ ಮೇಲು. ದೋಣಿಯ ಯಜಮಾನ ಸೀಸದ ಎಳೆಯಿರುವ ದಾರವನ್ನು ಹಿಂದಕ್ಕೆ ಬಿಟ್ಟು, ನಡಿಗೆಯ ವೇಗದಲ್ಲಿ ದೋಣಿ ನಡೆಸಿದ. ಆ ದಾರ ಪ್ರತಿ ಹತ್ತು ಗಜಕ್ಕೆ ಬಣ್ಣ ಬದಲಿಸುತ್ತದೆ; ಎಷ್ಟು ಬಣ್ಣ ಹೊರಗೆ ಹೋಯಿತೆಂಬುದೇ ಗಾಳದ ಆಳದ ಲೆಕ್ಕ. "ಐದು ಬಣ್ಣ" ಎಂದು ಅವನು ಹೇಳಿದ್ದೇ ತಡ, ಮಗ ರೀಲಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಕೆಂಪು, ಹಳದಿ, ಹಸಿರು ಎಂದು ಎಣಿಸತೊಡಗಿದ. ಮೈನ್ ಕೊಲ್ಲಿಯ ಬಂಡೆಯಲ್ಲಿ ಕಡೆದ ಮಾವೋರಿ ಪೂರ್ವಜನ ಬೃಹತ್ ಮುಖವನ್ನು ನೋಡಲು ನಾವೆಲ್ಲ ಒಂದು ಬದಿಗೆ ಬಾಗಿದ್ದಾಗ, ಅವನ ಕೋಲು ಬಾಗಿತು.

ಮೊದಲ ಮೀನು ಅಳತೆಗೆ ಮುಟ್ಟಲಿಲ್ಲ. ದೋಣಿಯವನು ಕೈ ಒದ್ದೆಮಾಡಿಕೊಂಡೇ ಅದನ್ನು ಹಿಡಿದು ಕೊಕ್ಕೆ ಬಿಡಿಸಿದ. ಒಣಗಿದ ಕೈ ತಗುಲಿದರೆ ಮೀನಿನ ಮೈಯ ಲೋಳೆ ಕಿತ್ತುಬಂದು, ನೀರಿಗೆ ಬಿಟ್ಟರೂ ಅದು ಸೋಂಕಿಗೆ ತುತ್ತಾಗುತ್ತದಂತೆ. ಎರಡನೆಯದು ಉಳಿಯಿತು: ಬೆನ್ನ ಮೇಲೆ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆ, ಪಕ್ಕೆಯ ಉದ್ದಕ್ಕೂ ತಿಳಿ ಗುಲಾಬಿ ಪಟ್ಟಿ. ಯಜಮಾನರ ಗಾಳಕ್ಕೆ ಅಂದು ಏನೂ ಬೀಳಲಿಲ್ಲ. ನನ್ನ ಹೊಟ್ಟೆ ಒಮ್ಮೆಯೂ ತೊಳಸಲಿಲ್ಲ.

ಸಂಜೆ ಬಾಡಿಗೆ ಮನೆಯ ಹಿತ್ತಲಲ್ಲಿ ತಮ್ಮ ಮೀನನ್ನು ಸೀಳಿ, ಉಪ್ಪು ಮತ್ತು ಕಂದು ಸಕ್ಕರೆ ಸವರಿ, ಮಾನುಕಾ ಮರದ ಹೊಟ್ಟಿನ ಹೊಗೆಗೆ ಇಟ್ಟ. ಹೊಗೆ ತಮ್ಮ ಕಡೆಗೆ ತಿರುಗಿದಾಗಲೆಲ್ಲ ಅಮ್ಮ ಕುರ್ಚಿಯನ್ನು ಒಂದಿಷ್ಟು ದೂರಕ್ಕೆ ಎಳೆದುಕೊಳ್ಳುತ್ತಿದ್ದರು. ಇತ್ತ ಯಜಮಾನರು ನಲ್ಲಿಯ ಕೆಳಗೆ ಕುಳಿತು, ಒಮ್ಮೆಯೂ ನೀರಿಗಿಳಿಯದ ತಮ್ಮ ಬೂಟುಗಳ ಹಿಮ್ಮಡಿಯನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದರು.